ಕತ್ತರಿಯ ಕೈಗೆ ಡೆಡ್‌ಲಿಫ್ಟ್: ಹಿಡಿತ ಮತ್ತು ಮೊಣಕೈ ನೋವಿನ ಆರು ತಿಂಗಳ ದಾಖಲೆ

ನಮ್ಮ ಹೊಲಿಗೆ ಅಂಗಡಿಯ ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಮಾರ್ಚ್ ತಿಂಗಳಿನಿಂದ ಎರಡು ಲೆಕ್ಕಗಳನ್ನು ಬರೆದಿಡುತ್ತ ಬಂದಿದ್ದೇನೆ. ಒಂದು, ಜಿಮ್‌ನಲ್ಲಿ ಆ ದಿನ ಎತ್ತಿದ ತೂಕ. ಇನ್ನೊಂದು, ಮರುದಿನ ಬೆಳಿಗ್ಗೆ ಬಲ ಮೊಣಕೈ ಎಷ್ಟು ನೋಯುತ್ತಿತ್ತು ಎಂಬುದಕ್ಕೆ ಸೊನ್ನೆಯಿಂದ ಹತ್ತರವರೆಗಿನ ಒಂದು ಅಂಕಿ. ಜೂನ್‌ನಲ್ಲಿ ಮೂರನೆಯ ಗೆರೆಯೊಂದನ್ನು ಎಳೆದು, ಆ ದಿನ ಮೇಜಿನ ಮೇಲೆ ಎಷ್ಟು ಬಟ್ಟೆ ಕತ್ತರಿಸಿದೆ ಎಂಬುದನ್ನೂ ಬರೆಯತೊಡಗಿದೆ. ಇದನ್ನು ಮೊದಲ ದಿನದಿಂದಲೇ ಬರೆದಿದ್ದರೆ ಮೂರು ತಿಂಗಳ ನೋವು ತಪ್ಪುತ್ತಿತ್ತು ಎಂದು ಈಗ ಅನಿಸುತ್ತದೆ.

ದಾವಣಗೆರೆಯಲ್ಲಿ ನಾನು ಹದಿನಾರು ವರ್ಷಗಳಿಂದ ಕಟಿಂಗ್ ಮಾಸ್ಟರ್ ಆಗಿ ದುಡಿಯುತ್ತಿದ್ದೇನೆ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ನಿಂತೇ ಮಾಡುವ ಕೆಲಸವಾದ್ದರಿಂದ ಸೊಂಟ ಹಿಡಿದುಕೊಳ್ಳುತ್ತಿತ್ತು. ಅದಕ್ಕಾಗಿಯೇ ಎರಡು ವರ್ಷಗಳ ಹಿಂದೆ ಜಿಮ್ ಸೇರಿದೆ. ಸೊಂಟ ಸರಿಹೋಯಿತು, ಆದರೆ ಡೆಡ್‌ಲಿಫ್ಟ್ ಬಿಡಲು ಮನಸ್ಸಾಗಲಿಲ್ಲ. ನೆಲದ ಮೇಲಿರುವ ಭಾರವನ್ನು ಹಿಡಿದು ನೇರವಾಗಿ ನಿಲ್ಲುವುದರಲ್ಲಿ ಒಂದು ತೃಪ್ತಿ ಇದೆ. ಈ ಮಾರ್ಚ್‌ನಲ್ಲಿ, ದುಗ್ಗಮ್ಮನ ಜಾತ್ರೆಯ ಹೊಲಿಗೆ ಮುಗಿಯುವ ಹೊತ್ತಿಗೆ, 100 ಕೆಜಿಯನ್ನು ಮೂರು ಸಲ ಎತ್ತುತ್ತಿದ್ದೆ. ನಾಲ್ಕನೆಯ ಸಲಕ್ಕೆ ಕಾಲಿಗಾಗಲಿ ಬೆನ್ನಿಗಾಗಲಿ ದಣಿವಿರುತ್ತಿರಲಿಲ್ಲ. ಬಲಗೈಯ ಉಂಗುರ ಬೆರಳು ಮತ್ತು ಕಿರುಬೆರಳು ಮೊದಲು ಸಡಿಲವಾಗಿ, ರಾಡ್ ಮೆಲ್ಲಗೆ ಬೆರಳ ತುದಿಯತ್ತ ಉರುಳಿ ಜಾರಿಬಿಡುತ್ತಿತ್ತು.

ಹಿಡಿತ ದುರ್ಬಲವಾಗಿದೆ ಎಂದು ತೀರ್ಮಾನಿಸಿ ಸ್ಪ್ರಿಂಗ್ ಇರುವ ಹ್ಯಾಂಡ್ ಗ್ರಿಪ್ಪರ್ ಒಂದನ್ನು ಕೊಂಡೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅದನ್ನು ಹಿಸುಕುತ್ತಿದ್ದೆ, ದಿನಕ್ಕೆ ಇನ್ನೂರು ಸಲವಾದರೂ ಆಗುತ್ತಿತ್ತು. ಇದು ತಪ್ಪು ಔಷಧಿಯಾಗಿತ್ತು. ಹಿಡಿತದಲ್ಲಿ ಹಲವು ಬಗೆಗಳಿವೆ: ಹಿಸುಕುವುದು ಒಂದು, ಹಿಡಿದದ್ದನ್ನು ಬಿಡದೆ ನಿಲ್ಲಿಸಿಕೊಳ್ಳುವುದು ಇನ್ನೊಂದು, ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ನಡುವೆ ಚಿವುಟಿದಂತೆ ಹಿಡಿಯುವುದು ಮತ್ತೊಂದು. ಡೆಡ್‌ಲಿಫ್ಟ್‌ಗೆ ಮುಖ್ಯವಾಗಿ ಬೇಕಾದದ್ದು ಎರಡನೆಯದು. ಮೊದಲನೆಯದನ್ನು ನಾನು ದಿನವಿಡೀ ಕತ್ತರಿಯಲ್ಲೇ ಮಾಡುತ್ತಿದ್ದೆ. ಅದರ ಮೇಲೆ ಗ್ರಿಪ್ಪರನ್ನೂ ಹೇರಿದೆ.

ಏಪ್ರಿಲ್ ಮೂರನೆಯ ವಾರ ನೋವು ಶುರುವಾಯಿತು. ಬೆಳಿಗ್ಗೆ ನೀರು ತುಂಬಿದ ಸ್ಟೀಲ್ ಚೊಂಬನ್ನು ಎತ್ತಲು ಹೋದಾಗ ಬಲ ಮೊಣಕೈಯ ಹೊರಬದಿಯ ಮೂಳೆಯ ಉಬ್ಬಿನ ಹತ್ತಿರ ಸೂಜಿ ಚುಚ್ಚಿದಂತಾಯಿತು. ಅಂಗಡಿಯಲ್ಲಿ ಇಸ್ತ್ರಿ ಪೆಟ್ಟಿಗೆಯನ್ನು ಅಂಗೈ ಕೆಳಗಾಗಿ ಹಿಡಿದು ಎತ್ತುವಾಗಲೂ ಅದೇ ನೋವು. ಅಂಗೈ ಮೇಲಾಗಿ ಹಿಡಿದರೆ ಅಷ್ಟಾಗಿ ಇರುತ್ತಿರಲಿಲ್ಲ. ಆ ವಾರದ ಅಂಕಿಗಳು 5, 6, 6, 7.

ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಅವರು ಮೊದಲು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿಯುತ್ತದೆಯೇ, ರಾತ್ರಿ ಎಚ್ಚರವಾಗುತ್ತದೆಯೇ ಎಂದು ಕೇಳಿದರು. ಹಾಗಿದ್ದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡದ್ದಿರಬಹುದು, ಅದಕ್ಕೆ ಬೇರೆಯೇ ಚಿಕಿತ್ಸೆ ಎಂದರು. ನನಗೆ ಅಂಥದ್ದೇನೂ ಇರಲಿಲ್ಲ. ಬಳಿಕ ನನ್ನ ಮುಷ್ಟಿಯನ್ನು ಬಿಗಿಸಿ ಮುಂಗೈಯ ಮೇಲ್ಭಾಗವನ್ನು ಮುಟ್ಟಿ ನೋಡಿಕೊಳ್ಳಲು ಹೇಳಿದರು. ಹಿಸುಕುತ್ತಿರುವುದು ಒಳಬದಿಯ ಸ್ನಾಯುಗಳಾದರೂ ಮೇಲಿನ ಸ್ನಾಯುಗಳು ಹಗ್ಗದಂತೆ ಬಿಗಿದು ನಿಂತಿದ್ದವು. ಬೆರಳು ಮಡಚುವಾಗ ಮಣಿಕಟ್ಟು ಒಳಗೆ ಬಾಗಿಹೋಗದಂತೆ ಹಿಂದಿನಿಂದ ಎಳೆದು ಹಿಡಿಯುವುದು ಅವುಗಳ ಕೆಲಸ. ಅವು ಅಂಟಿಕೊಂಡಿರುವ ಜಾಗವೇ ಮೊಣಕೈಯ ಆ ಹೊರ ಉಬ್ಬು. ಟೆನಿಸ್ ಎಲ್ಬೋ ಎನ್ನುವುದು ಇದನ್ನೇ. ಟೆನಿಸ್ ಬ್ಯಾಟನ್ನು ಒಮ್ಮೆಯೂ ಮುಟ್ಟದ ಬಡಗಿಗಳಿಗೆ, ಗಾರೆಯವರಿಗೆ, ದರ್ಜಿಗಳಿಗೆ ಇದು ಬರುತ್ತದೆ. ಸ್ನಾಯು ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತದೆ, ಆದರೆ ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಹೊಸ ಭಾರಕ್ಕೆ ಒಗ್ಗಲು ತಿಂಗಳುಗಳನ್ನೇ ತೆಗೆದುಕೊಳ್ಳುತ್ತದೆ ಎಂಬ ಮಾತನ್ನು ನಾನು ಅಲ್ಲಿಯೇ ಪುಸ್ತಕದಲ್ಲಿ ಬರೆದುಕೊಂಡೆ.

ಪೂರ್ತಿ ವಿಶ್ರಾಂತಿ ಕೊಡಿ ಎಂದು ಅವರು ಹೇಳಲಿಲ್ಲ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಗಾಗಿ ಸ್ವಲ್ಪ ಭಾರ ಹಿಡಿದು, ಎಡಗೈಯ ಸಹಾಯದಿಂದ ಮಣಿಕಟ್ಟನ್ನು ಮೇಲೆತ್ತಿ, ನಾಲ್ಕು ಎಣಿಸುತ್ತ ಬಲಗೈಯಿಂದಲೇ ನಿಧಾನವಾಗಿ ಇಳಿಸಬೇಕು. ಹದಿನೈದು ಸಲಕ್ಕೆ ಒಂದು ಸೆಟ್, ದಿನಕ್ಕೆ ಮೂರು ಸೆಟ್. ಮಾಡುವಾಗ ನೋವು ಮೂರರವರೆಗೆ ಇದ್ದರೆ ಚಿಂತೆಯಿಲ್ಲ, ಆದರೆ ಮರುದಿನ ಬೆಳಿಗ್ಗೆ ಹಿಂದಿನ ದಿನಕ್ಕಿಂತ ಹೆಚ್ಚಾಗಿರಬಾರದು. ಡಂಬಲ್ಸ್ ಅಂಗಡಿಯಲ್ಲಿರಲಿಲ್ಲವಾದ್ದರಿಂದ ಪ್ಯಾಂಟಿನ ದಪ್ಪ ಬಟ್ಟೆಯ ತುಂಡಿನಲ್ಲಿ ಹಿಡಿಕೆಯಿರುವ ಚೀಲವೊಂದನ್ನು ಹೊಲಿದು, ಅದರಲ್ಲಿ ಒಂದು ಕೆಜಿ ಮರಳು ತುಂಬಿ, ಕಟಿಂಗ್ ಮೇಜಿನ ಅಂಚಿನಲ್ಲೇ ಅಭ್ಯಾಸ ಮಾಡಿದೆ. ಈಗ ಅದರಲ್ಲಿ ಮೂರು ಕೆಜಿ ಮರಳಿದೆ.

ಡೆಡ್‌ಲಿಫ್ಟನ್ನು ನಿಲ್ಲಿಸಲಿಲ್ಲ; ಕೈಯ ಭಾರ ಕಡಿಮೆ ಮಾಡಲು, ಮಣಿಕಟ್ಟಿಗೆ ತೊಡಿಸಿ ರಾಡಿಗೆ ಸುತ್ತುವ ಪಟ್ಟಿಗಳನ್ನು ಬಳಸಿದೆ. ಅವನ್ನೂ ನಾನೇ ಹೊಲಿದೆ. ಮಂಚಕ್ಕೆ ಹೆಣೆಯುವ ಹತ್ತಿಯ ನವಾರನ್ನು ಒಂದೂವರೆ ಇಂಚು ಅಗಲ ಬರುವಂತೆ ಮಡಚಿ, ಇಪ್ಪತ್ತಮೂರು ಇಂಚು ಉದ್ದಕ್ಕೆ ಕತ್ತರಿಸಿ, ಒಂದು ತುದಿಯಲ್ಲಿ ಕುಣಿಕೆ ಮಾಡಿ, ಚೌಕದೊಳಗೆ ಗುಣಾಕಾರದ ಗುರುತು ಬರುವಂತೆ ದಪ್ಪ ದಾರದಲ್ಲಿ ನಾಲ್ಕು ಸುತ್ತು ಹೊಲಿಗೆ ಹಾಕಿದೆ. ಪಟ್ಟಿಯನ್ನು ರಾಡಿಗೆ ಸುತ್ತಿದರೆ ಬೆರಳು ಬಿಗಿಹಿಡಿಯುವ ಅಗತ್ಯ ತುಂಬ ಕಡಿಮೆಯಾಗುತ್ತದೆ, ಕಾಲು ಮತ್ತು ಬೆನ್ನಿನ ಅಭ್ಯಾಸ ಮಾತ್ರ ಮುಂದುವರಿಯುತ್ತದೆ. ಪಟ್ಟಿ ಕಟ್ಟಿದರೆ ಹಿಡಿತ ಎಂದೂ ಬೆಳೆಯುವುದಿಲ್ಲ ಎಂದು ಜಿಮ್‌ನಲ್ಲಿ ಕೆಲವರು ಹೇಳಿದರು. ಪವರ್‌ಲಿಫ್ಟಿಂಗ್ ಸ್ಪರ್ಧೆಗಳಲ್ಲಿ ಪಟ್ಟಿಗೆ ಅವಕಾಶವಿಲ್ಲ ಎಂಬುದು ನಿಜ, ಆದರೆ ನೋಯುವ ಮೊಣಕೈಯಿಂದ ಬರಿಗೈಯಲ್ಲಿ ಎತ್ತುವುದು ಹಠವಾಗುತ್ತದೆಯೇ ಹೊರತು ಅಭ್ಯಾಸವಾಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಮೇ ತಿಂಗಳಿಡೀ, ಸೋಮವಾರಗಳನ್ನು ಬಿಟ್ಟರೆ, ಅಂಕಿ ನಾಲ್ಕಕ್ಕಿಂತ ಕೆಳಗಿಳಿಯಲಿಲ್ಲ. ಶಾಲೆಗಳು ಮತ್ತೆ ತೆರೆಯುವ ಮುನ್ನ ಬರುವ ಸಮವಸ್ತ್ರದ ಹಂಗಾಮು ಅದು. ಚೌಕಿಪೇಟೆಯಿಂದ ಬರುವ ಥಾನುಗಳು ಗೋಡೆಯುದ್ದಕ್ಕೂ ನಿಂತಿರುತ್ತವೆ, ಊಟದ ಹೊತ್ತು ಬಿಟ್ಟರೆ ಕತ್ತರಿ ಕೆಳಗಿಡುವುದಿಲ್ಲ. ಸೋಮವಾರ ಬೆಳಿಗ್ಗೆ ಮಾತ್ರ ಅಂಕಿ ಯಾಕೆ ಎರಡಕ್ಕೆ ಇಳಿಯುತ್ತದೆ ಎಂದು ಪುಸ್ತಕ ನೋಡುತ್ತ ಯೋಚಿಸಿದಾಗ ಉತ್ತರ ಎದುರಿಗೇ ಇತ್ತು: ಭಾನುವಾರ ಜಿಮ್‌ಗೆ ಹೋಗುತ್ತಿದ್ದೆ, ಅಂಗಡಿಗೆ ಹೋಗುತ್ತಿರಲಿಲ್ಲ.

ಜೂನ್ ಮೊದಲ ವಾರ, ಅರ್ಧ ತೋಳಿನ ಒಂದು ಅಂಗಿಯನ್ನು ಕತ್ತರಿಸುವಾಗ ಕತ್ತರಿ ಎಷ್ಟು ಸಲ ಮುಚ್ಚುತ್ತದೆ ಎಂದು ಎಣಿಸುವಂತೆ ಸಹಾಯಕ ಹುಡುಗನಿಗೆ ಹೇಳಿದೆ. ಅವನು 152 ಎಂದ. ಕತ್ತರಿಯ ಅಲಗು ತುದಿಯಲ್ಲಿ ಮೊಂಡಾಗಿತ್ತು, ನಡುಭಾಗ ಮಾತ್ರ ಕತ್ತರಿಸುತ್ತಿತ್ತು. ಅದರಿಂದ ಪ್ರತಿ ಸಲ ನಾಲ್ಕು ಬೆರಳಷ್ಟೇ ಮುಂದೆ ಹೋಗುತ್ತಿದ್ದೆ. ಬಟ್ಟೆ ಎರಡು ಪದರವಿದ್ದರೆ ಅಲಗುಗಳ ನಡುವೆ ಅದು ಮಡಚಿಕೊಳ್ಳದಂತೆ ಹೆಬ್ಬೆರಳಿನಿಂದ ಪಕ್ಕಕ್ಕೂ ಒತ್ತಬೇಕಾಗುತ್ತಿತ್ತು. ಮರುದಿನವೇ ಸಾಣೆ ಹಿಡಿಸಿ, ನಡುವಿನ ತಿರುಪನ್ನು ಸರಿಹೊಂದಿಸಿ, ಅಲ್ಲಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಅದೇ ಅಳತೆಯ ಅಂಗಿ, ಅದೇ ಬಟ್ಟೆ. ಹುಡುಗ ಮತ್ತೆ ಎಣಿಸಿದ. “ಮಾಸ್ಟ್ರೇ, ನೂರಾ ಆರು ಅಷ್ಟೇ” ಎಂದ. ದಿನಕ್ಕೆ ಇಪ್ಪತ್ತು ಕಟಿಂಗ್ ಎಂದರೆ ಒಂಬೈನೂರಕ್ಕೂ ಹೆಚ್ಚು ಹಿಸುಕುಗಳು ಒಂದೇ ದಿನಕ್ಕೆ ಕಡಿಮೆಯಾದವು, ಉಳಿದ ಪ್ರತಿಯೊಂದೂ ಹಗುರವಾಯಿತು. ತಿಂಗಳಿಗೊಮ್ಮೆ ಸಾಣೆ ಹಿಡಿಸುತ್ತಿದ್ದವನು ಆ ಹಂಗಾಮಿನಲ್ಲಿ ಹತ್ತು ದಿನಕ್ಕೊಮ್ಮೆ ಹಿಡಿಸಿದೆ. ಮೇಜಿನ ಕಾಲುಗಳಿಗೆ ಮೂರು ಇಂಚು ಎತ್ತರದ ಮರದ ತುಂಡುಗಳನ್ನು ಕೊಟ್ಟೆ, ಆಗ ಮಣಿಕಟ್ಟು ಬಾಗದೆ ಮುಂಗೈಯೊಂದಿಗೆ ನೇರವಾಗಿ ನಿಂತಿತು. ಕತ್ತರಿಯ ಕೆಳ ಅಲಗನ್ನು ಮೇಜಿನ ಮೇಲೆಯೇ ಊರಿ ಕತ್ತರಿಸಬೇಕು, ಕೈಯಲ್ಲಿ ಎತ್ತಿ ಹಿಡಿಯಬಾರದು ಎಂದು ನಾನೇ ಹುಡುಗರಿಗೆ ಕಲಿಸುವ ಪಾಠವನ್ನು ಅವಸರದಲ್ಲಿ ನಾನೂ ಬಿಟ್ಟಿದ್ದೆ, ಅದನ್ನು ತಿದ್ದಿಕೊಂಡೆ. ಜೂನ್ ಕೊನೆಯ ವಾರದ ಅಂಕಿಗಳು 3, 2, 2, 1. ಮರಳಿನ ಚೀಲ ತನ್ನ ಕೆಲಸ ಮಾಡಿದೆ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಸಾಣೆಕಲ್ಲು ಅದಕ್ಕಿಂತ ಹೆಚ್ಚು ಮಾಡಿದೆ ಎಂದು ನನ್ನ ನಂಬಿಕೆ.

ಜುಲೈನಿಂದ ಹಿಡಿತದ ಅಭ್ಯಾಸವನ್ನು ಹೊಸದಾಗಿ ಕಟ್ಟಿದೆ. ಸಂಜೆಯ ದಣಿದ ಕೈಯಿಂದ ಮಾಡುವುದನ್ನು ಬಿಟ್ಟು ಬುಧವಾರ ಮತ್ತು ಭಾನುವಾರ ಬೆಳಿಗ್ಗೆ ಆರಕ್ಕೆ ಜಿಮ್‌ಗೆ ಹೋಗುತ್ತೇನೆ. ಮೊದಲು ಬರಿಗೈಯಲ್ಲಿ ಕಂಬಿಗೆ ಜೋತು ಬೀಳುವುದು, ಸಾಕಾಗುವ ಮೊದಲೇ ಇಳಿಯುವುದು. ನಂತರ ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನುಗಳನ್ನು ಎರಡು ಕೈಗಳಲ್ಲಿ ಹಿಡಿದು ಜಿಮ್‌ನ ಹಿಂದಿನ ಗಲ್ಲಿಯಲ್ಲಿ ಮೂವತ್ತು ಹೆಜ್ಜೆ ಹೋಗಿ ಬರುವುದು. ಕ್ಯಾನಿನ ಹಿಡಿಕೆ ತೆಳುವಾಗಿ ಚರ್ಮಕ್ಕೆ ಒತ್ತುವುದರಿಂದ ಅದಕ್ಕೆ ಹಳೆಯ ಟವೆಲ್ ಸುತ್ತುತ್ತೇನೆ, ಹಿಡಿಕೆ ದಪ್ಪವಾದಷ್ಟೂ ಬೆರಳಿಗೆ ಕೆಲಸ ಹೆಚ್ಚು. ಕೊನೆಯಲ್ಲಿ ಹಣಕ್ಕೆ ಸುತ್ತುವ ಅಗಲ ರಬ್ಬರ್ ಬ್ಯಾಂಡನ್ನು ಐದು ಬೆರಳಿಗೂ ತೊಡಿಸಿ ಬೆರಳು ಅಗಲಿಸುವುದು. ಗ್ರಿಪ್ಪರನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟುಬಿಟ್ಟೆ.

ರಾಡನ್ನು ಹಿಡಿಯುವ ರೀತಿಯಲ್ಲೂ ಒಂದು ಬದಲಾವಣೆ ಆಯಿತು. ಅಂಗೈಯ ನಡುವೆ ಇಟ್ಟು ಹಿಡಿದರೆ ಎತ್ತುವಾಗ ಅದು ಹೇಗೂ ಬೆರಳಿನ ಬುಡಕ್ಕೆ ಜಾರುತ್ತದೆ, ಜಾರುವಾಗ ಚರ್ಮವನ್ನು ಮಡಚಿ ಅಂಗೈಯಲ್ಲಿ ಗಟ್ಟಿಗಟ್ಟಿದ ಆಣಿಯನ್ನು ಕಿತ್ತುಹಾಕುತ್ತದೆ. ಮೊದಲೇ ಬೆರಳಿನ ಬುಡದ ಗೆರೆಯಲ್ಲಿಟ್ಟರೆ ಎರಡೂ ತಪ್ಪುತ್ತವೆ. ಹೆಬ್ಬೆರಳನ್ನು ಒಳಗಿಟ್ಟು ಉಳಿದ ಬೆರಳುಗಳನ್ನು ಅದರ ಮೇಲೆ ಮುಚ್ಚುವ ಹುಕ್ ಗ್ರಿಪ್ಪನ್ನೂ ಪ್ರಯತ್ನಿಸಿದೆ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದ ವೇಟ್‌ಲಿಫ್ಟಿಂಗ್‌ನಲ್ಲಿ ಇದೇ ಹಿಡಿತ ರೂಢಿ. ಆದರೆ ಹೆಬ್ಬೆರಳು ಎರಡು ದಿನ ಊದಿಕೊಳ್ಳುತ್ತದೆ, ಕತ್ತರಿಯ ಕುಣಿಕೆಯೊಳಗೆ ಹೋಗಬೇಕಾದದ್ದೂ ಅದೇ ಬೆರಳು. ನನ್ನ ಕೆಲಸಕ್ಕೆ ಅದು ಹೊಂದುವುದಿಲ್ಲ ಎಂದು ಬಿಟ್ಟೆ. ಬೆವರಿಗೆ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿಯೇ ಬೇಕು. ಬಟ್ಟೆಗೆ ಗುರುತು ಹಾಕುವ ನಮ್ಮ ಸೀಮೆಸುಣ್ಣವನ್ನು ಹಚ್ಚಿ ನೋಡಿದೆ, ಅದು ನುಣುಪಾಗಿ ಇನ್ನಷ್ಟು ಜಾರುತ್ತದೆ.

ಜುಬ್ಬಾ ಹೊಲಿಸಲು ಬರುವ ಗರಡಿಯ ಹಿರಿಯ ವಸ್ತಾದರೊಬ್ಬರು ಒಂದು ದಿನ ನನ್ನ ಕೈ ಹಿಡಿದು ನೋಡಿ, “ತಮ್ಮಾ, ವಾರಕ್ಕೊಂದು ಸಲ ಬಂದು ಗರಡಿ ಮಣ್ಣು ಅಗಿ, ಗುದ್ದಲಿ ಹಿಡಿದರೆ ಹಿಡಿತ ತಾನೇ ಬರ್ತದೆ” ಎಂದರು. ಕುಸ್ತಿಯ ಹುಡುಗರ ಮಣಿಕಟ್ಟುಗಳನ್ನು ಕಂಡವರಿಗೆ ಆ ಮಾತಿನಲ್ಲಿ ಸುಳ್ಳಿಲ್ಲ ಎಂಬುದು ಗೊತ್ತು. ಗುದ್ದಲಿಯ ಪ್ರತಿ ಪೆಟ್ಟಿನ ಅದುರು ನೇರವಾಗಿ ಮೊಣಕೈಗೆ ಹೋಗುವುದರಿಂದ ಸದ್ಯಕ್ಕೆ ಆಗದು ಎಂದೆ. ಅಂಕಿ ಎರಡು ತಿಂಗಳು ಸೊನ್ನೆಯಲ್ಲಿ ನಿಂತರೆ ಖಂಡಿತ ಹೋಗುತ್ತೇನೆ.

ಆಗಸ್ಟ್ ಕೊನೆಯ ಭಾನುವಾರದ ಬರಹ ಹೀಗಿದೆ: ಕಂಬಿಗೆ ಜೋತು ಬಿದ್ದದ್ದು 58 ಸೆಕೆಂಡು, ಮಾರ್ಚ್‌ನಲ್ಲಿ ಅದು 24 ಇತ್ತು. ಪಟ್ಟಿಯಿಲ್ಲದೆ, ಎರಡೂ ಅಂಗೈ ನನ್ನ ಕಡೆಗಿರುವಂತೆ ಹಿಡಿದು 110 ಕೆಜಿ ಐದು ಸಲ, ಐದನೆಯದನ್ನು ಮೇಲೆ ಮೂರು ಎಣಿಸುವವರೆಗೆ ನಿಲ್ಲಿಸಿದೆ. ಮೊಣಕೈ ಮರುದಿನ 1. ಚೊಂಬು ಎತ್ತುವಾಗ ಏನೂ ಅನಿಸಲಿಲ್ಲ. ದಸರಾ ಮತ್ತು ದೀಪಾವಳಿಯ ಹೊಲಿಗೆ ಇನ್ನು ಕೆಲವೇ ವಾರಗಳಲ್ಲಿ ಶುರುವಾಗುತ್ತದೆ. ಆ ದಿನಗಳಲ್ಲಿ ತೂಕ ಹೆಚ್ಚಿಸದೆ 100ರಲ್ಲೇ ನಿಲ್ಲಬೇಕೆಂದು ತೀರ್ಮಾನಿಸಿದ್ದೇನೆ. ಸಾಣೆಯವರಿಗೆ ಈ ಗುರುವಾರ ಬರಲು ಹೇಳಿ ಕಳುಹಿಸಿದ್ದೇನೆ, ಈ ಸಲ ಎರಡು ಕತ್ತರಿಗಳಿವೆ.