ಗಂಡುಮಕ್ಕಳು, ಆಟ, ಪ್ರಾರ್ಥನೆ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಭಾನುವಾರದ ಆರಾಧನೆ ಮುಗಿದು ಸಭೆಯ ಅಂಗಳದಲ್ಲಿ ನಿಂತಿರುವಾಗ, ನನ್ನ ಇಬ್ಬರು ಗಂಡುಮಕ್ಕಳ ತರಚಿದ ಮೊಣಕಾಲುಗಳನ್ನು ನೋಡಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಇಷ್ಟು ಹೊತ್ತು ಆಟಕ್ಕೆ ಬಿಟ್ಟರೆ ಓದು ಯಾವಾಗ, ಬೈಬಲ್ ಯಾವಾಗ? ಕ್ರೈಸ್ತ ಮನೆಯ ಮಕ್ಕಳನ್ನು ಬೆಳೆಸುವುದು ಹೀಗೆಯೇ?" ದೊಡ್ಡವನಿಗೆ 13 ವರ್ಷ, ಚಿಕ್ಕವನಿಗೆ 9. ಕೇಳುವವರು ಮಕ್ಕಳ ಮೇಲಿನ ಪ್ರೀತಿಯಿಂದಲೇ ಕೇಳುತ್ತಾರೆ. ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ನನ್ನ ಬಳಿ ಇಲ್ಲದ ಕಾರಣ ಇಲ್ಲಿ ಬರೆಯುತ್ತಿದ್ದೇನೆ.

ಆಟವೆಂದರೆ ದೇವರ ಪಾಲಿನಿಂದ ಕದ್ದ ಹೊತ್ತು ಎಂದು ನಾನು ಎಣಿಸುವುದಿಲ್ಲ. ಬಾಲಕನಾದ ಯೇಸು ತಂದೆತಾಯಿಗಳೊಂದಿಗೆ ನಜರೇತಿಗೆ ಹಿಂದಿರುಗಿದ ಮೇಲೆ ಜ್ಞಾನದಲ್ಲಿ, ದೇಹಬಲದಲ್ಲಿ, ದೇವರ ಮತ್ತು ಮನುಷ್ಯರ ದಯೆಯಲ್ಲಿ ಬೆಳೆಯುತ್ತಾ ಬಂದನೆಂದು ಲೂಕನು ತನ್ನ ಸುವಾರ್ತೆಯ 2ನೆಯ ಅಧ್ಯಾಯದ ಕೊನೆಯಲ್ಲಿ ಬರೆದಿದ್ದಾನೆ. ದೇಹವನ್ನು ಅವನು ಬಿಟ್ಟು ಬರೆಯಲಿಲ್ಲ. ಬೈಬಲಿನಲ್ಲಿ ಪ್ರವಾದಿ ಜೆಕರ್ಯನ ಗ್ರಂಥದ 8ನೆಯ ಅಧ್ಯಾಯವಂತೂ ನನಗೆ ಇನ್ನೂ ಪ್ರಿಯ: ದೇವರು ಮರಳಿ ಬಂದು ನೆಲೆಸುವ ಯೆರೂಸಲೇಮಿನ ಬೀದಿಗಳಲ್ಲಿ ಮುದುಕರು ಕೋಲು ಹಿಡಿದು ಕುಳಿತಿರುತ್ತಾರೆ, ಹುಡುಗ ಹುಡುಗಿಯರು ತುಂಬಿಕೊಂಡು ಆಡುತ್ತಿರುತ್ತಾರೆ. ದೊಡ್ಡವರೂ ಚಿಕ್ಕವರೂ ಅಲ್ಲಿ ಒಂದೇ ಬೀದಿಯಲ್ಲಿದ್ದಾರೆ ಎಂಬುದನ್ನು ಗಮನಿಸಬೇಕು. ಮಕ್ಕಳನ್ನು ಆಟಕ್ಕೆ ಕಳುಹಿಸಿ ನಾವು ಮೊಬೈಲ್ ಹಿಡಿದು ಕುಳಿತರೆ ನಾನು ಹೇಳುತ್ತಿರುವುದರಲ್ಲಿ ಅರ್ಧವೂ ನಡೆಯುವುದಿಲ್ಲ.

ಲಿಂಗರಾಜಪುರದ ನಮ್ಮ ಬೀದಿಯಲ್ಲಿ ಎರಡು ಬದಿಯೂ ಕಾರುಗಳು ನಿಂತಿರುವುದರಿಂದ ಚೆಂಡು ಪ್ರತಿ ಸಲವೂ ಯಾವುದೋ ಕಾರಿನ ಕೆಳಗೆ ಸೇರುತ್ತದೆ. ಆದ್ದರಿಂದ ಹಡ್ಸನ್ ವೃತ್ತದಲ್ಲಿರುವ ನಮ್ಮ ಸಭೆಯಿಂದ ಭಾನುವಾರ ನೇರವಾಗಿ ಕಬ್ಬನ್ ಪಾರ್ಕಿಗೆ ನಡೆದು ಹೋಗುತ್ತೇವೆ. ಆ ದಿನ ಪಾರ್ಕಿನ ಒಳರಸ್ತೆಗಳಲ್ಲಿ ವಾಹನಗಳಿರುವುದಿಲ್ಲ. ಬುತ್ತಿಯಲ್ಲಿ ಚಿತ್ರಾನ್ನ, ಚೀಲದಲ್ಲಿ ಲಗೋರಿಗೆಂದು ಆಯ್ದಿಟ್ಟ ಏಳು ಬಿಲ್ಲೆಗಳು. ಕಳೆದ ವರ್ಷ ಒಂದು ಭಾನುವಾರ ದೊಡ್ಡವನು ಬಿಲ್ಲೆಗಳನ್ನು ಮರಳಿ ಜೋಡಿಸುತ್ತಿದ್ದಾಗ ನಾನೆಸೆದ ಚೆಂಡು ಅವನ ಹಿಮ್ಮಡಿಗೆ ತಾಗಿದಂತೆ ಕಂಡಿತು. ಅವನು ತಾಗಲಿಲ್ಲವೆಂದು ವಾದಿಸಿದ. ನಾನು ಅಲ್ಲಿದ್ದ ಬೇರೆ ಮಕ್ಕಳೆದುರಿಗೇ ಅವನನ್ನು ಸುಳ್ಳನೆಂದು ಕರೆದೆ. ಅವನು ಏಳನೆಯ ಬಿಲ್ಲೆಯನ್ನು ಕೈಯಲ್ಲಿ ಹಿಡಿದೇ ಸ್ವಲ್ಪ ಹೊತ್ತು ನಿಂತಿದ್ದು, ಅದನ್ನು ಮೆಲ್ಲಗೆ ನೆಲಕ್ಕಿಟ್ಟು ಆಟ ಬಿಟ್ಟು ಹೋದ.

ಆ ರಾತ್ರಿ ಕುಟುಂಬ ಪ್ರಾರ್ಥನೆಗೆ ಕುಳಿತಾಗ ನನಗೆ ಬಾಯಿ ಬರಲಿಲ್ಲ. ತಂದೆಗಳೇ, ನಿಮ್ಮ ಮಕ್ಕಳನ್ನು ಕೆಣಕಬೇಡಿರಿ ಎಂದು ಪೌಲನು ಕೊಲೊಸ್ಸೆಯವರಿಗೆ ಬರೆದ ಮಾತು ನನ್ನನ್ನು ಚುಚ್ಚುತ್ತಿತ್ತು. ಎಲ್ಲರೆದುರಿಗೆ ಅವಮಾನಿಸಿದ್ದಕ್ಕೆ ಮಗನಲ್ಲಿ ಕ್ಷಮೆ ಕೇಳಿದೆ. ಅವನು ತಲೆ ತಗ್ಗಿಸಿಕೊಂಡೇ, "ತಾಗಿತ್ತು ಅಪ್ಪಾ" ಎಂದ. ಪಾಪದ ಅರಿಕೆ, ಕ್ಷಮೆ ಎಂಬ ಮಾತುಗಳನ್ನು ಸಂಡೇ ಸ್ಕೂಲಿನಲ್ಲಿ ಅವನು ಎಷ್ಟೋ ವರ್ಷಗಳಿಂದ ಕೇಳಿದ್ದ. ಅವು ನಮ್ಮಿಬ್ಬರ ನಡುವೆ ನಿಜವಾದದ್ದು ಆ ರಾತ್ರಿ, ಅದೂ ಒಂದು ಲಗೋರಿ ಆಟದಿಂದಾಗಿ. ಪುಸ್ತಕದೆದುರು ಕೂಡಿಸಿ ಇದನ್ನು ಕಲಿಸುವ ದಾರಿ ನನಗೆ ಗೊತ್ತಿಲ್ಲ.

ದೇಹದ ಆರೋಗ್ಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈದಣಿಯುವ ಚಟುವಟಿಕೆಯಲ್ಲಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಶಾಲೆ ಮತ್ತು ಟ್ಯೂಷನ್ ನಡುವೆ ಈ ಊರಿನ ಟ್ರಾಫಿಕ್ಕಿನಲ್ಲಿ ಕುಳಿತಿರುವ ಮಕ್ಕಳಿಗೆ ಅಷ್ಟೂ ಸಿಗುತ್ತಿಲ್ಲವೆಂಬುದು ನನ್ನ ದುಃಖ.

ಕಷ್ಟವಾದದ್ದು ಬೇರೊಂದು. ದೊಡ್ಡವನು ಸೇರಿದ್ದ ಕ್ರಿಕೆಟ್ ತರಬೇತಿಯಲ್ಲಿ ಪಂದ್ಯಗಳೆಲ್ಲ ಭಾನುವಾರ ಬೆಳಿಗ್ಗೆಯೇ ನಡೆಯುತ್ತಿದ್ದವು. ಆರಾಧನೆ ತಪ್ಪಿಸಲಾಗದೆಂದಾಗ ಅವನನ್ನು ತಂಡದಿಂದ ಕೈಬಿಟ್ಟರು. ಎರಡು ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ. ಆಗ ಅವನಿಗೆ ಎರಿಕ್ ಲಿಡೆಲ್‌ರ ಕಥೆ ಹೇಳಿದೆ. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಓಟದ ಪ್ರಾಥಮಿಕ ಸುತ್ತು ಭಾನುವಾರ ಬಿದ್ದುದರಿಂದ ಅವರು ಅದನ್ನು ಬಿಟ್ಟು, 400 ಮೀಟರ್ ಓಟವನ್ನು 47.6 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದರು. ಆದರೆ ನಾನು ಮಗನಿಗೆ ಹೇಳಬೇಕೆಂದಿದ್ದುದು ಪದಕದ ಸಂಗತಿಯನ್ನಲ್ಲ. ಮುಂದೆ ಚೀನಾದಲ್ಲಿ ಮಿಷನರಿಯಾಗಿದ್ದ ಅವರು ಜಪಾನೀಯರ ಬಂಧನ ಶಿಬಿರದಲ್ಲಿ ಸೆರೆಯಾಗಿ, ಅಲ್ಲಿನ ಮಕ್ಕಳಿಗೆ ಆಟ ಆಡಿಸುತ್ತಾ, 1945ರಲ್ಲಿ ಅಲ್ಲಿಯೇ ತೀರಿಕೊಂಡರು. ಭಾನುವಾರದ ಆಟದಲ್ಲಿ ಮಕ್ಕಳು ಜಗಳವಾಡಿಕೊಂಡರೆಂದು ತಿಳಿದ ಮೇಲೆ, ಭಾನುವಾರ ಓಡಲೊಪ್ಪದ ಅದೇ ಮನುಷ್ಯ ಅವರ ನಡುವೆ ರೆಫ್ರಿಯಾಗಿ ನಿಂತರೆಂದು ಶಿಬಿರದಲ್ಲಿದ್ದವರು ನೆನಪಿಸಿಕೊಂಡಿದ್ದಾರೆ. ತನಗಾಗಿ ಬಿಗಿಯಾಗಿಯೂ ಚಿಕ್ಕವರಿಗಾಗಿ ಸಡಿಲವಾಗಿಯೂ ಇರಬಲ್ಲ ಇಂಥ ಗಂಡಸುತನವನ್ನು ನನ್ನ ಮಕ್ಕಳಲ್ಲಿ ಕಾಣಬೇಕೆಂಬುದೇ ನನ್ನ ಬೇಡಿಕೆ. ಮಗ ಈಗ ಶನಿವಾರಗಳಂದು ಬಾಸ್ಕೆಟ್‌ಬಾಲ್ ಆಡುತ್ತಾನೆ. ಆ ಆಟವನ್ನು 1891ರಲ್ಲಿ ಜೇಮ್ಸ್ ನೈಸ್ಮಿತ್ ರೂಪಿಸಿದ್ದು ಕ್ರೈಸ್ತ ಯುವಕರ ಸಂಘವಾದ ವೈ.ಎಂ.ಸಿ.ಎ.ಯ ತರಬೇತಿ ಶಾಲೆಯೊಂದರಲ್ಲಿಯೇ ಎಂದು ತಿಳಿದು ಅವನಿಗೆ ಬಹಳ ಸಂತೋಷವಾಯಿತು.

ಎಲ್ಲವೂ ಮೈದಾನದಲ್ಲಿಯೇ ನಡೆಯಬೇಕೆಂದಿಲ್ಲ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ಸಿನ ಸಿಹಿ ತಿಂಡಿ ಕಲ್‌ಕಲ್ ಮಾಡುವಾಗ ಮಕ್ಕಳಿಬ್ಬರನ್ನೂ ನನ್ನ ಹೆಂಡತಿ ಅಡುಗೆಮನೆಯ ನೆಲದ ಮೇಲೆ ಕೂಡಿಸಿಕೊಳ್ಳುತ್ತಾಳೆ. ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ, ಹೆಬ್ಬೆರಳಿನಿಂದ ಸುರುಳಿಯಾಗಿ ಬಿಡಿಸುವುದು ಚಿಕ್ಕವನ ಕೆಲಸ. ಕರಿಯುವುದು ಈ ವರ್ಷ ದೊಡ್ಡವನ ಪಾಲಿಗೆ ಬಂದಿದೆ. ದೀಪಾವಳಿಗೆ ನಮಗೆ ಕಜ್ಜಾಯ ಕೊಟ್ಟ ಎದುರುಮನೆಯ ಅಜ್ಜಿಗೆ ತಟ್ಟೆ ತಲುಪಿಸುವವನು ಯಾರೆಂದು ಇಬ್ಬರೂ ಈಗಿನಿಂದಲೇ ಚೀಟಿ ಎತ್ತಿಟ್ಟಿದ್ದಾರೆ.