ಬಂದ, ಬಂದ್ ಮತ್ತು ಕೊನೆಯ ‘ಅ’

ದಾದರ್ ಸ್ಟೇಷನ್ನಿನ ಮರಾಠಿ ಫಲಕದಲ್ಲಿ ಅಕ್ಷರಗಳು ಮೂರೇ: ದಾ, ದ, ರ. ಕೊನೆಯ ಅಕ್ಷರಕ್ಕೆ ಹಲಂತದ, ಅಂದರೆ ಸ್ವರವಿಲ್ಲ ಎಂದು ತೋರಿಸುವ, ಗುರುತಿಲ್ಲ. ಆದರೂ ಯಾರೂ ‘ದಾದರ’ ಎನ್ನುವುದಿಲ್ಲ. ಪದದ ಕೊನೆಯ ಅಕಾರವನ್ನು ನುಂಗುವುದು ಮರಾಠಿಗೂ ಹಿಂದಿಗೂ ಸಹಜ. ‘ಮಿತ್ರ’ದಂಥ ಒತ್ತಕ್ಷರದ ಪದಗಳಲ್ಲಿ ಮಾತ್ರ ಅದು ತುಸು ಉಳಿಯುತ್ತದೆ.

ಮುಂಬಯಿಯ ಕನ್ನಡದ ಎಷ್ಟೋ ಮಕ್ಕಳು ಶಾಲೆಯಲ್ಲಿ ಕನ್ನಡಕ್ಕಿಂತ ಮೊದಲು ಕಲಿಯುವುದು ಈ ದೇವನಾಗರಿ ಲಿಪಿಯನ್ನೇ. ಆಮೇಲೆ ಕನ್ನಡ ಪುಸ್ತಕ ಕೈಗೆ ಬಂದಾಗ ಅದೇ ಅಭ್ಯಾಸದಲ್ಲಿ ಓದುತ್ತಾರೆ. ‘ರವಿ ಬಂದ’ ಎಂಬುದು ‘ರವಿ ಬಂದ್’ ಆಗುತ್ತದೆ. ಬಂದವನು ಬಾಗಿಲು ಮುಚ್ಚಿದಂತೆ ಕೇಳಿಸುತ್ತಾನೆ. ಇದು ಬರೀ ಉಚ್ಚಾರದ ಸೊಗಸಿನ ಪ್ರಶ್ನೆಯಲ್ಲ. ಬಂದ, ಬಂದು, ಬಂದೆ: ಇವನ್ನು ಬೇರೆ ಮಾಡುವುದು ಕೊನೆಯ ಸ್ವರವೊಂದೇ. ಯಾರು ಬಂದದ್ದು, ಮಾತು ಮುಗಿಯಿತೋ ಮುಂದುವರಿಯಲಿದೆಯೋ, ಎಲ್ಲವೂ ಅಲ್ಲೇ ಇದೆ. ‘ನೋಡಿದ ಊರು’, ‘ಅವನ ಮನೆ’ಗಳಲ್ಲೂ ವ್ಯಾಕರಣದ ಭಾರ ಹೊತ್ತಿರುವುದು ಆ ಪುಟ್ಟ ಅಕಾರವೇ.

ಹಾಗಂತ ಕನ್ನಡ ಸ್ವರವನ್ನು ಬಿಡುವುದೇ ಇಲ್ಲ ಎಂದಲ್ಲ. ಆಡುಮಾತಿನಲ್ಲಿ ಅವನು ‘ಅವ್ನು’, ಕುದುರೆ ‘ಕುದ್ರೆ’ ಆಗುತ್ತವೆ. ಪದದ ನಡುವೆ ಸ್ವರ ಬಿದ್ದರೆ ಅರ್ಥಕ್ಕೆ ಧಕ್ಕೆಯಿಲ್ಲ. ಆದ್ದರಿಂದ ಮಕ್ಕಳು ‘ಅವ್ನು’ ಎಂದರೆ ತಿದ್ದಬೇಡಿ, ‘ಬಂದ್’ ಎಂದರೆ ಖಂಡಿತ ತಿದ್ದಿ.

ಈ ಸ್ವರದ ಜಾಗ ಎಲ್ಲಿ? ‘ಇ’ಗೆ ನಾಲಿಗೆ ಮುಂದೆ ಏರುತ್ತದೆ, ‘ಉ’ಗೆ ಹಿಂದೆ ಏರಿ ತುಟಿ ದುಂಡಗಾಗುತ್ತದೆ, ‘ಆ’ಗೆ ದವಡೆ ಪೂರ್ತಿ ಇಳಿಯುತ್ತದೆ. ಹ್ರಸ್ವ ‘ಅ’ಗೆ ಇಷ್ಟೆಲ್ಲ ಶ್ರಮವಿಲ್ಲ, ನಾಲಿಗೆ ಬಾಯಿಯ ನಡುವೆ ವಿರಾಮದಲ್ಲಿರುತ್ತದೆ. ಗದ್ದದ ಕೆಳಗೆ ಅಂಗೈ ಇಟ್ಟು ‘ಮರ’, ‘ಮಾರ’ ಎನ್ನಿ. ‘ಮಾ’ ಎನ್ನುವಾಗ ಗದ್ದ ಕೈಯನ್ನು ಹೆಚ್ಚು ಒತ್ತುತ್ತದೆ. ಅಂದರೆ ಅ, ಆಗಳ ನಡುವೆ ಒಂದು ಮಾತ್ರೆ, ಎರಡು ಮಾತ್ರೆಯ ವ್ಯತ್ಯಾಸವಷ್ಟೇ ಅಲ್ಲ, ಬಾಯಿ ತೆರೆಯುವ ಅಳತೆಯೂ ಬೇರೆ. ಪಾಣಿನಿ ಇದನ್ನು ಗಮನಿಸಿದ್ದ. ಅಷ್ಟಾಧ್ಯಾಯಿಯ ಕಟ್ಟಕಡೆಯ ಸೂತ್ರ (8.4.68) ‘ಅ ಅ’ ಎಂಬುದು: ವ್ಯಾಕರಣದ ಅನುಕೂಲಕ್ಕೆ ವಿವೃತ (ತೆರೆದ ಸ್ವರ) ಎಂದು ಹಿಡಿದ ಹ್ರಸ್ವ ಅಕಾರ ಮಾತಿನಲ್ಲಿ ಸಂವೃತ, ಅಂದರೆ ಮುಚ್ಚಿದ ಸ್ವರ. ಅಷ್ಟು ದೊಡ್ಡ ಶಾಸ್ತ್ರ ಇಂಥ ಸಣ್ಣ ಸ್ವರದಲ್ಲಿ ಮುಗಿಯುವುದು ನನಗೆ ಬಹಳ ಇಷ್ಟ. ಮಲಯಾಳದವರು ಪದದ ಕೊನೆಯಲ್ಲಿ ಬರುವ ನಡುಸ್ವರವನ್ನು (ನಾಲಿಗೆ ಬಾಯಿಯ ನಡುವೆ ನಿಲ್ಲುವ ಸ್ವರವನ್ನು) ಇಂದಿಗೂ ‘ಸಂವೃತೋಕಾರ’ ಎನ್ನುತ್ತಾರೆ.

ನಮ್ಮ ಅಕಾರದ ಹತ್ತಿರದ ನೆಂಟನಾದ ಈ ನಡುಸ್ವರಕ್ಕೆ ಭಾಷಾಶಾಸ್ತ್ರದಲ್ಲಿ ‘ಶ್ವಾ’ ಎಂದು ಹೆಸರು. ಹೀಬ್ರೂ ಪದ, ಜರ್ಮನ್ ಮೂಲಕ ಬಂದದ್ದು. ಇಂಗ್ಲಿಷಿನಲ್ಲಿ ಒತ್ತು ಬೀಳದ ಕಡೆ ಇದೇ ಸ್ವರ: ‘ಬನಾನಾ’ದ ಮೊದಲ ಮತ್ತು ಕೊನೆಯ ಅಕ್ಷರಗಳಲ್ಲಿ ಕೇಳಿ. ನಾವು ಪ್ರತಿ ಅಕ್ಷರಕ್ಕೂ ಪೂರ್ತಿ ಮಾತ್ರೆ ಕೊಡುತ್ತೇವಾದ್ದರಿಂದ ನಮ್ಮ ಇಂಗ್ಲಿಷ್ ಭಾರವಾಗಿ ಕೇಳಿಸುತ್ತದೆ. ಇಂಡೊನೇಷ್ಯನ್ನಿನಲ್ಲಿ ಶ್ವಾಕ್ಕೂ ಎಕಾರಕ್ಕೂ ಒಂದೇ ಅಕ್ಷರ: ‘ತೆರಸ್’ ಎಂದರೆ ಮನೆಯ ಜಗಲಿ, ಅದೇ ಬರಹವನ್ನು ‘ತರಸ್’ ಎಂಬಂತೆ ಉಚ್ಚರಿಸಿದರೆ ಮರದ ತಿರುಳು. ರುಮೇನಿಯನ್, ಆಲ್ಬೇನಿಯನ್, ಬಲ್ಗೇರಿಯನ್, ಅರ್ಮೇನಿಯನ್ ಭಾಷೆಗಳು ನಡುಸ್ವರಕ್ಕೆ ಪ್ರತ್ಯೇಕ ಅಕ್ಷರವನ್ನೇ ಇಟ್ಟುಕೊಂಡಿವೆ. ಸ್ಪ್ಯಾನಿಷ್, ಜಪಾನಿಗಳಲ್ಲಿ ಶ್ವಾ ಇಲ್ಲವೇ ಇಲ್ಲ. ಬಂಗಾಳಿಯಲ್ಲಿ ಅಕಾರ ತುಟಿ ದುಂಡಗಾಗಿಸಿ ಒಕಾರದತ್ತ ವಾಲಿದೆ. ನಮಸ್ಕಾರ ಅಲ್ಲಿ ‘ನೊಮೊಶ್ಕಾರ್’.

ಮನೆಯಲ್ಲಿ ಕಲಿಸುವವರಿಗೆ ಒಂದು ಉಪಾಯ: ಬಿಡಿ ಪದ ಓದಿಸಬೇಡಿ, ಜೋಡಿಸಿ ಓದಿಸಿ. ‘ಬಂದ ಹುಡುಗ’, ‘ಹೋದ ರೈಲು’, ‘ಹೊಸ ಮನೆ’. ಹಿಂದೆಯೇ ಇನ್ನೊಂದು ಪದ ಬರುವುದರಿಂದ ನಡುವಿನ ಅಕಾರ ಬಿದ್ದರೆ ಮಗುವಿನ ಕಿವಿಗೇ ಗೊತ್ತಾಗುತ್ತದೆ. ಆಮೇಲೆ ‘ಬಂದ, ಬಂದು, ಬಂದೆ’ಯನ್ನು ಒಂದೇ ಉಸಿರಿನಲ್ಲಿ ಹೇಳಿಸಿ. ತಿದ್ದುವ ಭರದಲ್ಲಿ ಮಗು ‘ಬಂದಾ’ ಎಂದು ಎಳೆಯುವುದೂ ಉಂಟು. ಮೊಬೈಲಿನಲ್ಲಿ ರೋಮನ್ ಲಿಪಿಯ ಕನ್ನಡ ಓದುವವರಲ್ಲಿ ಈ ತಪ್ಪು ಹೆಚ್ಚು, ಏಕೆಂದರೆ ಅಲ್ಲಿ ಅ, ಆ ಎರಡಕ್ಕೂ ಒಂದೇ ಅಕ್ಷರ. ಆಗ ಮೂರನ್ನೂ ಎದುರುಬದುರು ಇಡಿ: ಹೆಸರು ‘ರಾಮ’, ಕೂಗಿ ಕರೆದರೆ ‘ರಾಮಾ’, ಮರಾಠಿಯಲ್ಲಿ ‘ರಾಮ್’.

ಕಣ್ಣಿಂದಲೇ ನೋಡಬೇಕೆನ್ನುವ ದೊಡ್ಡ ಮಕ್ಕಳಿಗೆ ಧ್ವನಿಯನ್ನು ಅಳೆದು ತೋರಿಸುವ ಪ್ರಾಟ್ ಎಂಬ ಉಚಿತ ತಂತ್ರಾಂಶವಿದೆ. ‘ಮರ’, ‘ಮಾರ’ ಧ್ವನಿಮುದ್ರಿಸಿ, ಮೊದಲ ಸ್ವರದ ನಟ್ಟನಡುವೆ ಕರ್ಸರ್ ಇಟ್ಟು ಮೊದಲ ಫಾರ್ಮಂಟಿನ (ಬಾಯಿಯೊಳಗೆ ದನಿ ಅನುರಣಿಸುವ ಕಂಪನಾಂಕದ) ಅಂಕಿ ಓದಿ. ಬಾಯಿ ಹೆಚ್ಚು ತೆರೆದಷ್ಟೂ ಅದು ಏರುತ್ತದೆ. ತಂತ್ರಾಂಶ ಫಾರ್ಮಂಟುಗಳನ್ನು ಎಲ್ಲಿಯವರೆಗೆ ಹುಡುಕಬೇಕೆಂಬ ಮಿತಿಯನ್ನು ಗಂಡಸರ ದನಿಗೆ 5000, ಹೆಂಗಸರ ದನಿಗೆ 5500 ಹರ್ಟ್ಸ್ ಇಡಬೇಕು. ಚಿಕ್ಕ ಮಕ್ಕಳ ದನಿಗೆ ಅದಕ್ಕಿಂತ ಹೆಚ್ಚು ಬೇಕು, ಇಲ್ಲದಿದ್ದರೆ ಅಂಕಿಗಳು ತಪ್ಪಾಗಿ ಬರುತ್ತವೆ. ಫ್ಯಾನ್ ಆರಿಸಿ ಮುದ್ರಿಸಿ.