ಕನ್ನಡ ಅಂಕಿ ಗುರುತಿಸುವ ಎಲ್‌ಇಡಿ ಚೌಕ: ಸೆಲ್ಯುಲಾರ್ ಆಟೊಮ್ಯಾಟಾ ಪ್ರಯೋಗ, ಮುಂಬಯಿ

16×16 ಎಲ್‌ಇಡಿ ಚೌಕದಲ್ಲಿ ೦ಯಿಂದ ೯ರವರೆಗಿನ ಯಾವುದೋ ಅಂಕಿಯನ್ನು ಅಲ್ಲಲ್ಲಿ ಕೆಡಿಸಿಟ್ಟರೆ, ಕೋಶಗಳು (ಒಂದೊಂದು ಎಲ್‌ಇಡಿಯೂ ಒಂದು ಕೋಶ; ಉರಿದರೆ 1, ಆರಿದರೆ 0) ನೆರೆಯವರನ್ನಷ್ಟೇ ನೋಡಿಕೊಂಡು ಮೂಲ ರೂಪಕ್ಕೆ ಮರಳಬೇಕು. ಇಡೀ ಚಿತ್ರ ನೋಡುವ ಮೇಸ್ತ್ರಿ ಇರಕೂಡದು. ಹೀಗೆ ನೆರೆಯವರನ್ನು ನೋಡಿ ನಿಯಮದಂತೆ ಬದಲಾಗುವ ಕೋಶಗಳ ಜಾಲವೇ ಸೆಲ್ಯುಲಾರ್ ಆಟೊಮ್ಯಾಟಾ.

ಇಂಥ ನಿಯಮಗಳಿಗೆ ರೂಢಿಯ ಸಂಖ್ಯೆಗಳಿವೆ; ಅವುಗಳಲ್ಲಿ 90, 150ರಂಥ ಎಕ್ಸಾರ್ ನಿಯಮಗಳನ್ನು (ನೋಡುವ ಕೋಶಗಳಲ್ಲಿ 1ಗಳು ಬೆಸವಾಗಿದ್ದರೆ 1, ಇಲ್ಲದಿದ್ದರೆ 0) ಕೈಬಿಟ್ಟಾಗಿದೆ. ಅವು ಲೀನಿಯರ್, ಅಂದರೆ ಕೋಶವೊಂದು ಕೆಟ್ಟರೆ ಅದರ ಪರಿಣಾಮ ಯಾವ ಅಂಕಿಯ ಮೇಲಾದರೂ ಒಂದೇ. ಯಾವ ಒಂದು ಕೋಶ ಕೆಟ್ಟರೂ ಸರಿಹೋಗಲೇಬೇಕೆಂದು ಹಟ ಹಿಡಿದರೆ ಎಲ್ಲ ಚಿತ್ರಗಳೂ ಖಾಲಿ ಚೌಕಕ್ಕೇ ಬಂದು ಬೀಳುತ್ತವೆ. ಲೆಕ್ಕ ಸೊಗಸು, ನೆನಪು ಸೊನ್ನೆ.

ಹಾಗಾಗಿ ಪ್ರತಿ ಕೋಶಕ್ಕೂ ಅದರದೇ ನಿಯಮಪಟ್ಟಿ. ತಾನು ಮತ್ತು ಸುತ್ತಲಿನ ಎಂಟು, ಒಟ್ಟು 9 ಬಿಟ್. ಪಟ್ಟಿಗೆ 512 ಸಾಲು. ಚೌಕದ ಹೊರಗಿನದೆಲ್ಲ 0. ಹತ್ತು ಅಂಕಿಗಳಲ್ಲಿ ಆ ಜಾಗದಲ್ಲಿ ಕಾಣುವ ವಿನ್ಯಾಸಗಳಿಗೆ ‘ಇದ್ದಂತೆ ಇರು’ ಎಂದು ಬರೆಯಬೇಕು. ಇವು ಹೆಚ್ಚೆಂದರೆ 10 ಸಾಲು. ಮಿಕ್ಕ ಸಾಲುಗಳಿಗೆ, ಅತಿ ಕಡಿಮೆ ಬಿಟ್ ವ್ಯತ್ಯಾಸವಿರುವ ವಿನ್ಯಾಸದ ನಡುಬಿಟ್ಟನ್ನೇ ಉತ್ತರವಾಗಿಸಬೇಕು. ಎರಡು ಸಮ ಬಂದರೆ ಬದಲಾಯಿಸದೆ ಬಿಡುವುದು. ಮೂರು ಕೋಶಗಳ ನೆರೆ (ತಾನು, ಎಡ, ಬಲ) ಇದಕ್ಕೆ ಸಾಲದು: ಅಲ್ಲಿ 8 ಸಾಲು ಮಾತ್ರ, ಎಂಟೂ ‘ಇದ್ದಂತೆ ಇರು’ ಎಂದು ಭರ್ತಿಯಾದ ಕೋಶ ನಿಯಮ 204 ಆಗಿಬಿಡುತ್ತದೆ, ಅದು ಏನನ್ನೂ ತಿದ್ದುವುದಿಲ್ಲ.

ಒಂದು ಕೋಶದ ಪಟ್ಟಿಗೆ 64 ಬೈಟ್, 256 ಕೋಶಗಳಿಗೆ 16 ಕೆಬಿ. ಆರ್ಡುಯಿನೊ ಊನೊ ಆರ್3 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ 32 ಕೆಬಿ ಫ್ಲ್ಯಾಶ್‌ನಲ್ಲಿ ಹಿಡಿಯುತ್ತದೆ. ಆದರೆ ‘ಪ್ರೋಗ್‌ಮೆಮ್’ (ಫ್ಲ್ಯಾಶ್‌ನಲ್ಲೇ ಇಡು ಎಂಬ ಸೂಚನೆ) ಎಂದು ಘೋಷಿಸದಿದ್ದರೆ ಪಟ್ಟಿ 2 ಕೆಬಿ ರ‍್ಯಾಮ್‌ಗೆ ಹೋಗಲು ನೋಡಿ ಎಲ್ಲ ಕೆಡುತ್ತದೆ. ಎಲ್‌ಇಡಿಗಳನ್ನು ನಡೆಸುವ ಮ್ಯಾಕ್ಸ್ 7219 ಚಿಪ್ ಇರುವ 8×8 ಮಾಡ್ಯೂಲ್ ನಾಲ್ಕು ಬೇಕು. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಸುಲಭವಾಗಿ ಸಿಗುತ್ತವೆ. ಡೇಟಾ 11, ಕ್ಲಾಕ್ 13, ಸಿಎಸ್ (ಚಿಪ್ ಆಯ್ಕೆಯ ತಂತಿ) 10ನೇ ಪಿನ್‌ಗೆ. 5 ವೋಲ್ಟ್ ಬೇರೆ ಅಡಾಪ್ಟರ್‌ನಿಂದ ಕೊಟ್ಟು ಗ್ರೌಂಡ್ ಮಾತ್ರ ಊನೊ ಜತೆ ಸೇರಿಸಬೇಕು.

ತೊಂದರೆಗಳು ಶುರುವಾಗುವುದು ಇಲ್ಲಿಂದ. ಎಲ್ಲ ಕೋಶಗಳನ್ನೂ ಒಟ್ಟಿಗೇ ಬದಲಿಸಿದರೆ ಕೆಲವು ಜೋಡಿಗಳು ಎರಡು ಸ್ಥಿತಿಗಳ ನಡುವೆ ಮಿನುಗುತ್ತಲೇ ಉಳಿಯುತ್ತವೆ; ಪ್ರತಿ ಸುತ್ತಿನಲ್ಲೂ ಯಾದೃಚ್ಛಿಕ ಕ್ರಮದಲ್ಲಿ ಒಂದೊಂದಾಗಿ ಬದಲಿಸಿದರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ. ಖಾಲಿ ಚೌಕದ ಕಾಟ ಇನ್ನೂ ಹಟಮಾರಿ. ಪ್ರತಿ ಜಾಗದಲ್ಲೂ ಯಾವುದಾದರೊಂದು ಅಂಕಿಯ 3×3 ತುಣುಕು ಪೂರ್ತಿ ಖಾಲಿಯಿದ್ದರೆ, ಖಾಲಿ ಚೌಕವೂ ‘ಕಲಿತ’ ಚಿತ್ರವೇ ಆಗುತ್ತದೆ. ಹೆಚ್ಚು ಅಳಿಸಿದ ಅಂಕಿ ಅದರೊಳಗೆ ಮುಳುಗುತ್ತದೆ. ೦ ಮತ್ತು ೧ರ ಮೇಲಿನ ಕಮಾನು ಒಂದೇ. ಕೆಳಗಿನ ಬಾಯಿ ಅರ್ಧ ಮುಚ್ಚಿದ್ದರೆ ಎರಡೂ ಅಲ್ಲದ ಮಿಶ್ರರೂಪ ಗಟ್ಟಿಯಾಗಿ ನಿಲ್ಲುತ್ತದೆ.

ನೆರೆಯನ್ನು ಹಿಗ್ಗಿಸುವುದೇ ಮದ್ದು, ಆದರೆ 5×5 ಎಂದರೆ 25 ಬಿಟ್, ಒಂದೊಂದು ಕೋಶಕ್ಕೂ 3 ಕೋಟಿಗೂ ಮಿಕ್ಕಿ ಸಾಲು. ಎಂಟೂ ನೆರೆಗಳನ್ನು 3 ಕೋಶ ದೂರಕ್ಕೆ ತಳ್ಳಿದರೆ ಪಟ್ಟಿ ಬೆಳೆಯದು. ಚೌಕ ಮಾತ್ರ ಪರಸ್ಪರ ಮಾತಿಲ್ಲದ 9 ಜಾಲಗಳಾಗಿ ಒಡೆಯುತ್ತದೆ. ಈಗ ನಡೆಯುತ್ತಿರುವುದು ಮಧ್ಯದ ದಾರಿ: ಮೇಲೆ, ಕೆಳಗೆ, ಎಡ, ಬಲ ಪಕ್ಕದವರು; ನಾಲ್ಕು ಮೂಲೆಯವರು ಮಾತ್ರ 3 ಹೆಜ್ಜೆ ಆಚೆ. ಪಟ್ಟಿ ಅದೇ 512. ಜತೆಗೆ ಅಂಕಿಗಳನ್ನು 2 ಕೋಶ ದಪ್ಪವಾಗಿ, ಅಂಚಿನವರೆಗೆ ಬರೆಯುವುದು. ಕೊನೆಯ ಚಿತ್ರ ಹತ್ತರಲ್ಲಿ ಒಂದಕ್ಕೆ ಒಂದು ಬಿಟ್ ಕೂಡ ತಪ್ಪದಂತೆ ಹೊಂದದಿದ್ದರೆ ಉತ್ತರ ‘ಗೊತ್ತಿಲ್ಲ’. ಹತ್ತಿರದ್ದನ್ನು ಊಹಿಸಿದರೆ ಆಟೊಮ್ಯಾಟಾ ಎಷ್ಟು ದುಡಿಯಿತೆಂದೇ ತಿಳಿಯದು.

ಮುಂದೆ ಮುಂಬಯಿಯ ನಗರ ಸಾರಿಗೆಯಾದ ಬೆಸ್ಟ್ ಬಸ್ಸುಗಳ ಮುಂಬದಿಯಲ್ಲಿ ಕಾಣುವ ದೇವನಾಗರಿ ಅಂಕಿಗಳನ್ನೂ ಸೇರಿಸಬೇಕು. ಸೊನ್ನೆ ಎರಡರಲ್ಲೂ ಒಂದೇ, ಹಾಗಾಗಿ ಚಿತ್ರಗಳು 20 ಅಲ್ಲ, 19.